ನಿವೃತ್ತಿಯ ನಂತರ ಮೆಟಲ್ ಡಿಟೆಕ್ಟರ್ ಹವ್ಯಾಸ: ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಇದನ್ನು ಸರಿಯಾದ ರೀತಿಯಲ್ಲಿ ನಡೆಸಿಕೊಂಡು ಹೋಗಬಹುದೇ?

ಪ್ರಶ್ನೆ: ಕುವೆಂಪುನಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದಲ್ಲಿ ನೆಲೆಸಿರುವ, ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಬೋಧಿಸಿ ನಿವೃತ್ತನಾದ ಅಧ್ಯಾಪಕ. ಮಕ್ಕಳು ತಂತಮ್ಮ ಉದ್ಯೋಗಗಳಲ್ಲಿ ನೆಲೆ ನಿಂತಿದ್ದಾರೆ, ಆರೋಗ್ಯ ಈ ವಯಸ್ಸಿಗೆ ತಕ್ಕಮಟ್ಟಿಗೆ ಚೆನ್ನಾಗಿದೆ. ಬೆಳಗಿನ ವಾಯುವಿಹಾರ ಮತ್ತು ದಿನಪತ್ರಿಕೆಯ ಆಚೆಗೆ ಕೈಕಾಲಿಗೂ ತಲೆಗೂ ಒಟ್ಟಿಗೆ ಕೆಲಸ ಕೊಡುವ ಹವ್ಯಾಸವೊಂದನ್ನು ಹಿಡಿಯಬೇಕೆಂಬ ಆಸೆ ಬಹಳ ಕಾಲದಿಂದ ಇದೆ.

ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ಹಳೆಯ ಲೋಹದ ವಸ್ತುಗಳನ್ನು ಹುಡುಕುವ ಹವ್ಯಾಸ ಇಂಗ್ಲೆಂಡಿನಲ್ಲಿ ಬಹಳ ಬೆಳೆದಿದೆ. ಅಲ್ಲಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಗ್ರಾಮದಲ್ಲಿ 1992ರ ನವೆಂಬರ್‌ನಲ್ಲಿ ನಡೆದ ಸಂಗತಿಯನ್ನು ಓದಿದ ಮೇಲೆ ನನ್ನ ಆಸೆ ಇನ್ನಷ್ಟು ಬಲವಾಯಿತು. ಎರಿಕ್ ಲಾಸ್ ಎಂಬ ನಿವೃತ್ತರು, ನಿವೃತ್ತಿಯ ಉಡುಗೊರೆಯಾಗಿ ತಮಗೆ ಬಂದಿದ್ದ ಡಿಟೆಕ್ಟರ್ ಹಿಡಿದು, ರೈತ ಗೆಳೆಯರೊಬ್ಬರು ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಲು ಹೋದವರು, ರೋಮನ್ ಕಾಲದ ಸುಮಾರು 15,000 ನಾಣ್ಯಗಳ ನಿಕ್ಷೇಪವನ್ನು ಕಂಡರು. ಅಂಥದ್ದೇನಾದರೂ ನನಗೂ ಸಿಗಲಿ ಎಂಬ ಹಂಬಲ ನನಗಿಲ್ಲ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದವನಿಗೆ, ಅದೇ ತತ್ತ್ವ ಕೆಲಸ ಮಾಡುವ ಯಂತ್ರವನ್ನು ಕೈಯಲ್ಲಿ ಹಿಡಿದು ಹೊಲದಲ್ಲಿ ನಡೆಯುವುದೇ ದೊಡ್ಡ ಸಂತೋಷವೆನಿಸುತ್ತದೆ.

ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮ ತಾತನ ಕಾಲದ ಜಮೀನಿದೆ. ಒಂದಷ್ಟು ಖುಷ್ಕಿ, ಒಂದಷ್ಟು ತರಿ, ಜೊತೆಗೆ ಬಿದ್ದುಹೋದ ಹಳೆಯ ಮನೆಯ ನಿವೇಶನ. ಉಳುಮೆಯನ್ನೆಲ್ಲ ತಮ್ಮನೇ ನೋಡಿಕೊಳ್ಳುತ್ತಾನೆ. ನನ್ನ ಹುಡುಕಾಟ ಅಲ್ಲಿಂದಲೇ ಆರಂಭವಾಗಬೇಕೆಂದು ನನ್ನ ಇಚ್ಛೆ. ಆದರೆ ನಮ್ಮ ಕಡೆ ಇಂಥ ಯಂತ್ರ ಹಿಡಿದವರನ್ನು ಜನ ನೋಡುವ ಕಣ್ಣೇ ಬೇರೆಯಾಗಿರುವುದರಿಂದ ಕಾನೂನು ಏನು ಹೇಳುತ್ತದೆ, ಊರಿನವರಿಗೆ ಹೇಗೆ ತಿಳಿಸಬೇಕು, ನಮ್ಮ ಕೆಂಪು ಮಣ್ಣಿಗೆ ಎಂಥ ಯಂತ್ರ ಹೊಂದುತ್ತದೆ, ಮಂಡಿ ಮತ್ತು ಭುಜ ಇದನ್ನು ತಡೆದುಕೊಳ್ಳುತ್ತವೆಯೇ ಎಂಬ ವಿಷಯಗಳನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಂಡ್ಯದ ವಕೀಲೆ

ಮೇಷ್ಟ್ರೇ, ನಮಸ್ಕಾರ. ಯಂತ್ರ ಕೊಳ್ಳುವುದಕ್ಕೆ ಮುಂಚೆಯೇ ಕಾನೂನನ್ನು ಕೇಳಿದ್ದೀರಿ. ಈ ಹವ್ಯಾಸಕ್ಕೆ ಕೈ ಹಾಕುವವರಲ್ಲಿ ಅನೇಕರು ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ.

ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ಯಾವುದೇ ವಸ್ತು ಕಾನೂನಿನ ದೃಷ್ಟಿಯಲ್ಲಿ ನಿಧಿಯೇ. ಅದು ಬಂಗಾರವೇ ಆಗಿರಬೇಕೆಂದಿಲ್ಲ, ಕೊಪ್ಪರಿಗೆಯಲ್ಲೇ ಇರಬೇಕೆಂದೂ ಇಲ್ಲ. 1878ರ ಭಾರತೀಯ ನಿಧಿ ನಿಕ್ಷೇಪ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು, ಸಿಕ್ಕಿದ್ದು ಏನು ಮತ್ತು ಎಷ್ಟು, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು ಎಂಬ ಮೂರು ಸಂಗತಿಗಳನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಮತ್ತು ಆ ವಸ್ತುವನ್ನು ಸರ್ಕಾರಿ ಖಜಾನೆಗೆ ಒಪ್ಪಿಸಬೇಕು ಅಥವಾ ಕೇಳಿದಾಗ ಹಾಜರುಪಡಿಸುವುದಾಗಿ ಭದ್ರತೆ ಕೊಡಬೇಕು. ಹತ್ತು ರೂಪಾಯಿ ಎಂಬುದು ಆ ಕಾಲದ ಲೆಕ್ಕ. ಈಗ ಅದರ ಅರ್ಥವಿಷ್ಟೇ: ಹಳೆಯದೆಂದು ತೋರುವ ಯಾವುದನ್ನೂ ಜೇಬಿಗಿಳಿಸಿ ಸುಮ್ಮನಾಗುವಂತಿಲ್ಲ. ತಿಳಿಸದೆ ಬಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಆ ಕಾಯ್ದೆ ವಿಧಿಸುತ್ತದೆ. ಇದೇ ವಿಷಯಕ್ಕೆ ಕರ್ನಾಟಕದಲ್ಲಿ 1962ರ ರಾಜ್ಯ ಕಾಯ್ದೆಯೂ ಇದೆ. ಸ್ವಂತ ಜಮೀನು ಎಂಬ ಕಾರಣಕ್ಕೆ ಈ ಹೊಣೆ ತಪ್ಪುವುದಿಲ್ಲ. ಪಹಣಿಯಲ್ಲಿ ಹೆಸರಿದ್ದರೆ ಮಣ್ಣಿನೊಳಗಿರುವುದೆಲ್ಲವೂ ತನ್ನದೇ ಎಂಬ ನಂಬಿಕೆ ನಮ್ಮ ರೈತರಲ್ಲಿ ಬಹಳ ಆಳವಾಗಿ ಬೇರೂರಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಿಮ್ಮ ತಮ್ಮನವರಿಗೂ ಮೊದಲೇ ವಿವರಿಸಿ ಹೇಳಿಬಿಡಿ, ಏಕೆಂದರೆ ವಸ್ತು ಸಿಕ್ಕ ಮೇಲೆ ಪಾಲಿನ ಮಾತು ಬಂದು ಅಣ್ಣತಮ್ಮಂದಿರ ನಡುವೆ ಮನಸ್ತಾಪವಾಗಿರುವುದನ್ನು ವಕೀಲಿ ವೃತ್ತಿಯಲ್ಲಿ ನಾನು ಕಂಡಿದ್ದೇನೆ.

ಎರಡನೆಯದು ಸಂರಕ್ಷಿತ ಸ್ಥಳಗಳ ವಿಷಯ. ಕೇಂದ್ರದ 1958ರ ಕಾಯ್ದೆ ಮತ್ತು ನಮ್ಮ ರಾಜ್ಯದ 1961ರ ಕಾಯ್ದೆಗಳ ಅಡಿಯಲ್ಲಿ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕ ಅಥವಾ ನಿವೇಶನದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ. ಶ್ರೀರಂಗಪಟ್ಟಣ, ತಲಕಾಡು, ಸೋಮನಾಥಪುರ, ಬಸರಾಳು, ಹೊಸಹೊಳಲು, ಕಂಬದಹಳ್ಳಿ ಎಂದು ನಮ್ಮ ಎರಡೂ ಜಿಲ್ಲೆಗಳಲ್ಲಿ ಹೆಜ್ಜೆಹೆಜ್ಜೆಗೂ ಇತಿಹಾಸವಿದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಗುರುತಿಸಿದೆ. ಆ ಅಂತರ ಮುಖ್ಯವಾಗಿ ಕಟ್ಟಡ ಮತ್ತು ಗಣಿಗಾರಿಕೆಯನ್ನು ಕುರಿತದ್ದಾದರೂ, ಹವ್ಯಾಸಿಯೊಬ್ಬ ಅದನ್ನು ತನ್ನ ಕನಿಷ್ಠ ಗಡಿಯೆಂದು ತಿಳಿದು ಅದಕ್ಕಿಂತಲೂ ದೂರವೇ ಉಳಿಯಬೇಕೆಂಬುದು ನನ್ನ ಸಲಹೆ. ಘೋಷಣೆಯ ಫಲಕವಿಲ್ಲದ ವೀರಗಲ್ಲು, ಮಾಸ್ತಿಕಲ್ಲು, ಹಾಳುಗುಡಿಗಳ ಬಳಿಯೂ ಯಂತ್ರ ಹಿಡಿದು ಹೋಗಬೇಡಿ. ಗೋಮಾಳ, ಕೆರೆಯಂಗಳ, ಗುಂಡುತೋಪುಗಳು ಸರ್ಕಾರದ ಸ್ವತ್ತು, ಅರಣ್ಯದ ಮಾತಂತೂ ಬೇಡವೇ ಬೇಡ.

ಮೂರನೆಯದು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ. ನೂರು ವರ್ಷ ಕಳೆದ ನಾಣ್ಯ, ವಿಗ್ರಹ, ಆಯುಧ ಇತ್ಯಾದಿಗಳು ಅದರ ಪ್ರಕಾರ ಪುರಾವಸ್ತುಗಳು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತೆಯೂ ಇಲ್ಲ. ಐದನೇ ಜಾರ್ಜ್ ದೊರೆಯ ಕಾಲದ ಮೊದಮೊದಲ ಕಾಲಾಣೆಗಳು ಈಗಾಗಲೇ ಆ ವಯಸ್ಸು ದಾಟಿವೆ.

ಇಂಗ್ಲೆಂಡಿನ ವ್ಯವಸ್ಥೆಯೇ ಬೇರೆ. ಅಲ್ಲಿ 1996ರ ನಿಧಿ ಕಾಯ್ದೆಯ ಜೊತೆಗೆ, ಹವ್ಯಾಸಿಗಳಿಗೆ ಸಿಕ್ಕ ಸಣ್ಣಪುಟ್ಟ ವಸ್ತುಗಳನ್ನೂ ದಾಖಲು ಮಾಡಿಕೊಳ್ಳುವ ಸರ್ಕಾರಿ ಯೋಜನೆಯಿದೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲದಿರುವುದರಿಂದ, ಅಲ್ಲಿನ ವಿಡಿಯೊಗಳನ್ನು ನೋಡಿ ಇಲ್ಲಿ ಹಾಗೆಯೇ ನಡೆದುಕೊಳ್ಳುವುದು ಅಪಾಯ. ನಿಮ್ಮ ಹೊಲ, ನಿಮ್ಮ ಹಿತ್ತಲು, ಒಪ್ಪಿಗೆ ಕೊಟ್ಟ ನೆಂಟರಿಷ್ಟರ ಜಮೀನು, ಇಷ್ಟರೊಳಗೆ ಇದ್ದು ಎಲ್ಲವನ್ನೂ ಬರೆದಿಟ್ಟುಕೊಂಡರೆ ನಿಮ್ಮ ಹವ್ಯಾಸಕ್ಕೆ ಭಯವಿಲ್ಲ.

ಉತ್ತರ: ಶ್ರೀರಂಗಪಟ್ಟಣ ಪೇಟೆಬೀದಿ

ವಕೀಲ ಮೇಡಂ ಹೇಳಿದ್ದಕ್ಕೆ ಊರಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಸೀಮೆಯಲ್ಲಿ ನಿಧಿಗಳ್ಳರು ಮಾಡಿರುವ ಅನಾಹುತ ಸಣ್ಣದಲ್ಲ. ಬಸವನ ಹೊಟ್ಟೆ ಒಡೆದಿದ್ದಾರೆ, ಗರ್ಭಗುಡಿಯ ಪೀಠ ಕಿತ್ತಿದ್ದಾರೆ, ಶಾಸನದ ಕಲ್ಲನ್ನು ಉರುಳಿಸಿ ಅದರ ಬುಡ ತೋಡಿದ್ದಾರೆ. ನಿಧಿಯ ಹೆಸರಿನಲ್ಲಿ ನಡೆಯುವ ಅಮಾನುಷ ಪೂಜೆಗಳನ್ನು ತಡೆಯಲು ರಾಜ್ಯ ಸರ್ಕಾರ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಆದ್ದರಿಂದ ಯಂತ್ರ ಹಿಡಿದ ಅಪರಿಚಿತನನ್ನು ಕಂಡರೆ ಊರಿನವರು ಸುತ್ತುವರಿದು ನಿಲ್ಲಿಸಿಕೊಳ್ಳುವುದು ನ್ಯಾಯವೇ ಆಗಿದೆ, ಅದನ್ನು ಯಾರೂ ಅವಮಾನವೆಂದು ತಿಳಿಯಬಾರದು.

ನೀವು ಮೊದಲು ಊರಿನ ಹಿರಿಯರಿಗೂ ಪಂಚಾಯಿತಿ ಸದಸ್ಯರಿಗೂ ವಿಷಯ ತಿಳಿಸಿ, ಅರಳಿಕಟ್ಟೆಯ ಬಳಿ ನಾಲ್ಕು ಜನರ ಮುಂದೆ ಯಂತ್ರವನ್ನು ಒಮ್ಮೆ ನಡೆಸಿ ತೋರಿಸಿ. ಹುಡುಗರ ಕೈಗೂ ಕೊಡಿ. ಸಂಜೆ ಕಳೆದ ಮೇಲೆ ಹೊಲದಲ್ಲಿ ಇರಬೇಡಿ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಲೇಬೇಡಿ, ಒಬ್ಬರೇ ಹೋಗುವುದಕ್ಕಿಂತ ತಮ್ಮನವರನ್ನೋ ಅವರ ಮಕ್ಕಳನ್ನೋ ಜೊತೆಗೆ ಕರೆದುಕೊಳ್ಳಿ. ಮೇಷ್ಟ್ರ ಮೇಲೆ ನಮ್ಮ ಜನಕ್ಕೆ ಈಗಲೂ ಗೌರವವಿದೆ, ಮುಚ್ಚುಮರೆ ಇಲ್ಲದಿದ್ದರೆ ಅವರೇ ಮುಂದೆ ಬಂದು ಸಹಾಯ ಮಾಡುತ್ತಾರೆ.

ಉತ್ತರ: ನಾಗಮಂಗಲದ ಕೃಷಿಕ

ಸರ್, ನಾನು ಮೈಸೂರಿನ ಕಾರ್ಖಾನೆಯೊಂದರ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ದುಡಿದು, ಈಗ ಊರಿಗೆ ಮರಳಿ ತೆಂಗು, ರಾಗಿ ನೋಡಿಕೊಂಡಿದ್ದೇನೆ. ಕೆಲವು ವರ್ಷಗಳಿಂದ ಸ್ವಂತ ಜಮೀನಿನಲ್ಲಿಯೂ, ಕರೆದವರ ಜಮೀನಿನಲ್ಲಿಯೂ ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದೇನೆ. ಯಂತ್ರದ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಭೌತವಿಜ್ಞಾನ ಬೋಧಿಸಿದ ತಮಗೆ ತತ್ತ್ವವನ್ನು ವಿವರಿಸುವ ಅಗತ್ಯವಿಲ್ಲ. ಯಂತ್ರದ ತುದಿಯಲ್ಲಿರುವ ತಂತಿಸುರುಳಿ, ಅಂದರೆ ಕಾಯಿಲ್, ಹುಟ್ಟಿಸುವ ಕಾಂತಕ್ಷೇತ್ರ ಬದಲಾಗುತ್ತಿರುವಾಗ ಮಣ್ಣಿನೊಳಗಿನ ಲೋಹದಲ್ಲಿ ಸುಳಿಪ್ರವಾಹ ಏಳುತ್ತದೆ, ಆ ಪ್ರವಾಹದ ಕ್ಷೇತ್ರವನ್ನು ಇನ್ನೊಂದು ಕಾಯಿಲ್ ಗ್ರಹಿಸುತ್ತದೆ, ಎರಡರ ನಡುವಿನ ಹಂತದ ವ್ಯತ್ಯಾಸವನ್ನು ಅಳೆದು ಯಂತ್ರ ಒಂದು ಸಂಖ್ಯೆಯನ್ನೂ ಒಂದು ಸ್ವರವನ್ನೂ ಕೊಡುತ್ತದೆ. ಹವ್ಯಾಸಿಗಳು ಬಳಸುವ ಹೆಚ್ಚಿನ ಯಂತ್ರಗಳು ಕೆಲವು ಕಿಲೋಹರ್ಟ್ಸ್‌ಗಳಿಂದ ಹತ್ತಿಪ್ಪತ್ತು ಕಿಲೋಹರ್ಟ್ಸ್‌ಗಳ ನಡುವೆ ಕೆಲಸ ಮಾಡುತ್ತವೆ, ಈಚಿನವು ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುತ್ತವೆ. ಅಮೆರಿಕದ ಗ್ಯಾರೆಟ್, ಆಸ್ಟ್ರೇಲಿಯದ ಮೈನ್‌ಲ್ಯಾಬ್, ಟರ್ಕಿಯ ನೊಕ್ಟಾ, ಫ್ರಾನ್ಸಿನ ಎಕ್ಸ್‌ಪಿ ಇವು ಈ ಕ್ಷೇತ್ರದಲ್ಲಿ ಹೆಸರಾದ ತಯಾರಕರು.

ನಮ್ಮ ಸೀಮೆಯಲ್ಲಿ ಯಂತ್ರದ ಹೆಸರಿಗಿಂತ ಮಣ್ಣೇ ಮುಖ್ಯ. ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ ಆಕ್ಸೈಡ್‌ನದು. ಅಂಥ ನೆಲ ಯಂತ್ರಕ್ಕೆ ತಾನೇ ಒಂದು ಸಂಕೇತವನ್ನು ಕೊಡುತ್ತಿರುತ್ತದೆ, ಸಣ್ಣ ನಾಣ್ಯದ ಸದ್ದು ಆ ಗದ್ದಲದಲ್ಲಿ ಅಡಗಿಹೋಗುತ್ತದೆ. ಆದ್ದರಿಂದ ಗ್ರೌಂಡ್ ಬ್ಯಾಲೆನ್ಸ್ ಅನ್ನು ಕೈಯಿಂದ ಹೊಂದಿಸಿಕೊಳ್ಳುವ ಸೌಲಭ್ಯವಿಲ್ಲದ ಅಗ್ಗದ ಯಂತ್ರವನ್ನು ಕೊಳ್ಳಬೇಡಿ. ಲೋಹವಿಲ್ಲದ ಜಾಗವೊಂದನ್ನು ನೋಡಿಕೊಂಡು, ಕಾಯಿಲ್ ಅನ್ನು ನೆಲಕ್ಕೆ ಸಮನಾಗಿ ಹಿಡಿದು ಮೇಲೆ ಕೆಳಗೆ ಆಡಿಸುತ್ತಾ, ನೆಲದ ಸದ್ದು ಅಡಗುವವರೆಗೆ ಹೊಂದಿಸಬೇಕು. ಖುಷ್ಕಿಯಿಂದ ಕಾಲುವೆ ಬಯಲಿನ ಗದ್ದೆಗೆ ಇಳಿದರೆ ಮತ್ತೆ ಹೊಂದಿಸಬೇಕು. ಪಲ್ಸ್ ಇಂಡಕ್ಷನ್ ಎಂಬ ಬಗೆಯ ಯಂತ್ರಗಳು ಕಬ್ಬಿಣದಂಶದ ನೆಲವನ್ನು ಚೆನ್ನಾಗಿ ಸಹಿಸುತ್ತವೆಯಾದರೂ ಅವು ಮೊಳೆಯನ್ನೂ ನಾಣ್ಯವನ್ನೂ ಬೇರ್ಪಡಿಸಿ ಹೇಳುವುದರಲ್ಲಿ ಹಿಂದೆ. ಲಾಳದ ಮೊಳೆಗಳಿಂದ ತುಂಬಿದ ನಮ್ಮ ಹೊಲಗಳಲ್ಲಿ ಅದನ್ನು ಹಿಡಿದರೆ ದಿನವಿಡೀ ಮೊಳೆ ಅಗೆಯಬೇಕಾಗುತ್ತದೆ.

ಸದ್ದನ್ನು ಗುರುತಿಸುವುದೇ ಈ ವಿದ್ಯೆಯ ತಿರುಳು. ಕಬ್ಬಿಣಕ್ಕೆ ತಗ್ಗಿದ, ಹರಿದ ಸದ್ದು. ತಾಮ್ರಕ್ಕೂ ಬೆಳ್ಳಿಗೂ ಎತ್ತರದ, ಎರಡೂ ದಿಕ್ಕಿನಿಂದ ಬೀಸಿದಾಗ ಒಂದೇ ತೆರನಾದ ಸದ್ದು. ಬಂಗಾರದ ಉಂಗುರ ಇವೆರಡರ ನಡುವೆ, ಮಾತ್ರೆ ಪಟ್ಟಿಯ ಅಲ್ಯುಮಿನಿಯಂ ಹಾಳೆ ಕೊಡುವ ಸಂಖ್ಯೆಯ ಹತ್ತಿರದಲ್ಲೇ ಬರುತ್ತದೆ. ಹೀಗಾಗಿ ಕಸದ ಸದ್ದನ್ನು ಪೂರ್ತಿ ಮುಚ್ಚಿಬಿಟ್ಟರೆ ಉಂಗುರವೂ ಕೇಳಿಸದೆ ಹೋಗುತ್ತದೆ. ತೆಳುವಾದ ಸರ ಇನ್ನೂ ಕಷ್ಟ, ಏಕೆಂದರೆ ಯಂತ್ರಕ್ಕೆ ಸರ ಇಡಿಯಾಗಿ ಕಾಣುವುದಿಲ್ಲ, ಒಂದೊಂದೇ ಕೊಂಡಿಯಾಗಿ ಕಾಣುತ್ತದೆ. ಈಗಿನ ಒಂದು ಮತ್ತು ಎರಡು ರೂಪಾಯಿಗಳು ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವಾದ್ದರಿಂದ ಕಬ್ಬಿಣದ ಜಾತಿಗೆ ಸೇರಿ ಗೊಂದಲ ಮಾಡುತ್ತವೆ. ಹಿತ್ತಲಿನಲ್ಲಿ ನಾಲ್ಕೈದು ಬಗೆಯ ಲೋಹಗಳನ್ನು ಬೇರೆ ಬೇರೆ ಆಳದಲ್ಲಿ ಹೂತು, ಗುರುತು ಇಟ್ಟು, ಕಿವಿ ಪಳಗುವವರೆಗೆ ಅಭ್ಯಾಸ ಮಾಡಿ. ಹೆಡ್‌ಫೋನ್ ಕಡ್ಡಾಯವೆಂದೇ ತಿಳಿಯಿರಿ.

ಆಳದ ವಿಷಯದಲ್ಲಿ ಭ್ರಮೆ ಬೇಡ. ನಾಣ್ಯದಷ್ಟು ದೊಡ್ಡ ವಸ್ತುವನ್ನು ಒಳ್ಳೆಯ ಯಂತ್ರ ಹದಿನೈದು, ಇಪ್ಪತ್ತು ಸೆಂಟಿಮೀಟರ್ ಆಳದಲ್ಲಿ ಹಿಡಿದರೆ ಅದು ಒಳ್ಳೆಯ ಸಾಧನೆ, ನಮ್ಮ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆಯೇ. ಹತ್ತಾರು ಮೀಟರ್ ಆಳದ ಬಂಗಾರವನ್ನು ಮಾತ್ರ ತೋರಿಸುತ್ತದೆಂದು ಹೇಳಿ ಎರಡು ಕಡ್ಡಿಯ ಯಂತ್ರಗಳನ್ನು ಲಕ್ಷಗಟ್ಟಲೆಗೆ ಮಾರುವವರು ನಮ್ಮ ತಾಲ್ಲೂಕುಗಳಲ್ಲೂ ಓಡಾಡುತ್ತಿದ್ದಾರೆ. ಅದರ ಹಿಂದೆ ಯಾವ ಭೌತವಿಜ್ಞಾನವೂ ಇಲ್ಲ. ಸಾಲ ಮಾಡಿ ಅದನ್ನು ಕೊಂಡ ರೈತರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಜಾಗದ ಆಯ್ಕೆಗೆ ತಮ್ಮನವರನ್ನೇ ಕೇಳಿ. ಹಿಂದೆ ಕಣ ಮಾಡುತ್ತಿದ್ದ ಜಾಗ, ಏತದ ಬಾವಿಯ ದಂಡೆ, ಆಳುಗಳು ಬುತ್ತಿ ಬಿಚ್ಚುತ್ತಿದ್ದ ಹುಣಸೆಮರದ ನೆರಳು, ಗಾಡಿಜಾಡು ಹೊಲಕ್ಕೆ ತಿರುಗುವ ಮೂಲೆ, ಇಂಥ ಕಡೆಗಳಲ್ಲಿ ಜನ ಬಗ್ಗಿದ್ದಾರೆ, ಕುಳಿತಿದ್ದಾರೆ, ಸೊಂಟದ ಗಂಟು ಬಿಚ್ಚಿದ್ದಾರೆ. ನಮ್ಮ ಹಳೆಯ ಕಣದ ಅಂಚಿನಲ್ಲಿ ನನಗೆ ಸಿಕ್ಕ ಎತ್ತಿನ ಕೊಂಬಿನ ಹಿತ್ತಾಳೆ ಅಣಸಿನ ಒಳಗೆ, ಮಣ್ಣು ಬಿಡಿಸಿ ನೋಡಿದರೆ, ಕೊಂಬಿಗೆ ಬಿಗಿಯಾಗಿ ಕೂರಲೆಂದು ಸುತ್ತಿದ್ದ ಬಟ್ಟೆಯ ಎಳೆಗಳು ಹಸಿರುಗಟ್ಟಿ ಹಾಗೆಯೇ ಅಂಟಿಕೊಂಡಿದ್ದವು. ತಾಮ್ರದ ಅಂಶ ತಾಗಿದ ಕಡೆ ಬಟ್ಟೆ ಕೊಳೆಯದೆ ಉಳಿಯುತ್ತದೆ. ಲಾಳ, ಗಾಡಿಯ ಕಡಾಣಿ, ಸವೆದ ನೇಗಿಲ ಗುಳ, ಮುರಿದ ಬೀಗ, 1943ರಿಂದ 1947ರವರೆಗೆ ಬಂದ ತೂತಿನ ಕಾಸು, 1957ರ ನಂತರದ ನಯಾಪೈಸೆ ಇವೇ ನಮ್ಮ ಹೊಲಗಳ ಸಾಮಾನ್ಯ ಫಸಲು.

ರಾಗಿ ಕುಯ್ಲು ಮುಗಿದು ಕೂಳೆ ಮಾತ್ರ ಉಳಿದಿರುವ ಕಾಲ, ಅಥವಾ ಮೊದಲ ಮಳೆ ಬಿದ್ದು ಉಳುಮೆಯಾದ ಕೂಡಲೇ, ಹುಡುಕಾಟಕ್ಕೆ ಸೂಕ್ತ. ಪಂಪ್‌ಸೆಟ್ ಓಡುವಾಗ, ಟ್ರಾನ್ಸ್‌ಫಾರ್ಮರ್ ಹತ್ತಿರ, ತಂತಿಯ ಕೆಳಗೆ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಆಗ ಸಂವೇದನೆಯನ್ನು ತಗ್ಗಿಸಿ. ಕೊಳವೆಬಾವಿಯ ಮೋಟಾರಿಗೆ ಹೋಗುವ ಕೇಬಲ್ ಎಲ್ಲಿ ಹೂತಿದೆಯೆಂದು ಮೊದಲೇ ತಿಳಿದುಕೊಳ್ಳದೆ ಗುದ್ದಲಿ ಹಾಕಬೇಡಿ. ಉದ್ದನೆಯ ಗೆರೆಯಾಗಿ ಸದ್ದು ಬಂದರೆ ಅದು ಕೇಬಲ್ಲೋ ಪೈಪೋ ಇರಬಹುದೆಂದು ಅಲ್ಲೇ ಕೈಬಿಡಿ.

ಮರುಪ್ರಶ್ನೆ: ಕುವೆಂಪುನಗರದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ವಕೀಲ ಮೇಡಂ ಅವರ ಮಾತನ್ನು ಓದಿ ಈ ಭಾನುವಾರವೇ ತಮ್ಮನ ಜೊತೆ ಕೂತು ಮಾತನಾಡಿದೆ, ಅವನು ಒಪ್ಪಿದ್ದಾನೆ. ಇನ್ನೆರಡು ಸಂದೇಹಗಳಿವೆ. ಹೊಲದಲ್ಲಿ ಒಂದೇ ಒಂದು ಹಳೆಯ ನಾಣ್ಯ ಸಿಕ್ಕಿತು ಎಂದಿಟ್ಟುಕೊಳ್ಳಿ, ಆ ಕ್ಷಣದಲ್ಲಿ ನಾನು ಏನು ಮಾಡಬೇಕು, ಏನು ಮಾಡಬಾರದು? ಅದಲ್ಲದೆ, ಉಳುಮೆಯಲ್ಲಿ ಮಗುಚಿ ಮಗುಚಿ ಜಾಗ ಬದಲಾದ ನಾಣ್ಯದಿಂದ ಇತಿಹಾಸಕ್ಕೆ ನಿಜವಾಗಿಯೂ ಏನಾದರೂ ಪ್ರಯೋಜನವಿದೆಯೇ? ಎರಡನೆಯ ಸಂದೇಹ ನನ್ನ ಮಂಡಿಯದು. ಕೂತು ಏಳುವುದು ಮೊದಲಿನಷ್ಟು ಸಲೀಸಾಗಿಲ್ಲ.

ಉತ್ತರ: ಸರಸ್ವತಿಪುರಂ ನಾಣ್ಯಾಭ್ಯಾಸಿ

ಮೇಷ್ಟ್ರಿಗೆ ನಮಸ್ಕಾರ. ನಾನು ಗೃಹಿಣಿ. ಮೈಸೂರು ಸಂಸ್ಥಾನದ ನಾಣ್ಯಗಳನ್ನು ಅಭ್ಯಾಸ ಮಾಡುತ್ತಾ ಬಂದಿದ್ದೇನೆ. ನಿಮ್ಮ ಮೊದಲ ಸಂದೇಹಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆನಿಸುತ್ತದೆ.

ಹಾಕ್ಸನ್‌ನ ಪ್ರಸಂಗದಲ್ಲಿ ನನಗೆ ಮುಖ್ಯವೆನಿಸುವುದು ನಾಣ್ಯಗಳ ಸಂಖ್ಯೆಯಲ್ಲ. ಲಾಸ್ ಅವರು ಒಂದಿಷ್ಟು ನಾಣ್ಯ, ಬೆಳ್ಳಿಯ ಚಮಚ ಕಂಡ ಕೂಡಲೇ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ತ್ವಜ್ಞರು ಬಂದು ಕ್ರಮವಾಗಿ ಉತ್ಖನನ ಮಾಡಿದ್ದರಿಂದ ಅವೆಲ್ಲವೂ ಮರದ ಪೆಟ್ಟಿಗೆಯೊಂದರಲ್ಲಿ ಜೋಡಿಸಿಟ್ಟವೆಂದು ತಿಳಿಯಿತು, ಪೆಟ್ಟಿಗೆಯ ಮರ ಕೊಳೆತುಹೋಗಿದ್ದರೂ ಒಳಗಿನ ಜೋಡಣೆ ಉಳಿದಿತ್ತು. ಅವರು ಆತುರಪಟ್ಟು ಎಲ್ಲವನ್ನೂ ತೋಡಿ ತೆಗೆದಿದ್ದರೆ ನಾಣ್ಯಗಳು ಸಿಗುತ್ತಿದ್ದವು, ಪೆಟ್ಟಿಗೆಯ ಸಂಗತಿ ಶಾಶ್ವತವಾಗಿ ಅಳಿಸಿಹೋಗುತ್ತಿತ್ತು. ಅಂದ ಹಾಗೆ, ಆ ಗೆಳೆಯರ ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮ ನಾಡಿನದೇ ನಿದರ್ಶನ ಬೇಕೆಂದರೆ ಚಿತ್ರದುರ್ಗದ ಚಂದ್ರವಳ್ಳಿ ಇದೆ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಉತ್ಖನನ ನಡೆಸಿದರು, 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರು ಅದೇ ಜಿಲ್ಲೆಯ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆಸಿದರು. ಸಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ಅಲ್ಲಿ ದೊರೆತವು. ಕಾಲ ಗೊತ್ತಿರುವ ನಾಣ್ಯವೊಂದು ಇಂಥದೇ ಮಣ್ಣಿನ ಪದರದಲ್ಲಿ ಇಂಥದೇ ಮಡಕೆಚೂರುಗಳ ಜೊತೆ ಇತ್ತೆಂದು ದಾಖಲಾದರೆ, ಅದರಿಂದ ಆ ಮಡಕೆಗಳ ಕಾಲವನ್ನೂ, ಅಂಥ ಮಡಕೆ ಸಿಗುವ ಇತರ ಊರುಗಳ ಕಾಲವನ್ನೂ ಊಹಿಸಲು ದಾರಿಯಾಗುತ್ತದೆ. ಅದೇ ನಾಣ್ಯವನ್ನು ಯಾರೋ ಕಿತ್ತು ಪೇಟೆಯಲ್ಲಿ ಮಾರಿದ್ದರೆ ಅದಕ್ಕೆ ಲೋಹದ ಬೆಲೆ ಮಾತ್ರ ಉಳಿಯುತ್ತಿತ್ತು. ನಿಧಿಗಳ್ಳರ ಬಗ್ಗೆ ನನಗಿರುವ ಸಂಕಟಕ್ಕೆ ಮುಖ್ಯ ಕಾರಣ ಇದೇ. ಅವರು ಕದ್ದ ವಸ್ತುವನ್ನು ಪೊಲೀಸರು ಮರಳಿ ತರಬಹುದು, ಅದು ಎಲ್ಲಿ ಹೇಗೆ ಇತ್ತೆಂಬುದನ್ನು ಯಾರೂ ತರಲಾರರು.

ಉಳುಮೆಯ ಪದರದಲ್ಲಿ ಸಿಕ್ಕಿದ್ದಕ್ಕೂ ಬೆಲೆಯಿದೆ. ನೇಗಿಲು ವಸ್ತುವನ್ನು ಮೇಲೆ ಕೆಳಗೆ ಮಾಡುತ್ತದೆ, ಅಕ್ಕಪಕ್ಕಕ್ಕೆ ಎಳೆಯುತ್ತದೆ, ಆದರೆ ಸಾಮಾನ್ಯವಾಗಿ ಬೇರೆ ಊರಿಗೇನೂ ಒಯ್ಯುವುದಿಲ್ಲ. ಒಂದೇ ಹೊಲದ ಒಂದು ಮೂಲೆಯಲ್ಲಿ ಹಳೆಯ ಕಾಸುಗಳು ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಹಿಂದೆ ಸಂತೆಯೋ, ಹಾಳಾದ ಗ್ರಾಮವೋ, ದಾರಿಯ ಪಕ್ಕದ ಅರವಟ್ಟಿಗೆಯೋ ಇದ್ದಿರಬಹುದು. ಅಂಥ ಸುಳಿವು ಸಿಕ್ಕಿತೆಂದರೆ ಅಲ್ಲಿಗೆ ಹವ್ಯಾಸಿಯ ಕೆಲಸ ಮುಗಿಯಿತು, ಮುಂದಿನದು ಇಲಾಖೆಯ ಕೆಲಸ.

ಸಿಕ್ಕ ಕ್ಷಣದಲ್ಲಿ ಮಾಡಬೇಕಾದದ್ದು ಹೀಗೆ. ವಸ್ತು ಕಂಡ ಕೂಡಲೇ, ಅದನ್ನು ಎತ್ತುವ ಮೊದಲು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಗುಂಡಿಯ ಫೋಟೊ ತೆಗೆಯಿರಿ. ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶಗಳನ್ನೂ ಸರ್ವೆ ನಂಬರನ್ನೂ ಆಳವನ್ನೂ ದಿನಾಂಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸುತ್ತ ಮಡಕೆಚೂರು, ಇದ್ದಿಲು, ಸುಟ್ಟ ಇಟ್ಟಿಗೆ ಇದ್ದರೆ ಅದನ್ನೂ ಬರೆಯಿರಿ. ಎರಡನೆಯ ನಾಣ್ಯ ಅದೇ ಗುಂಡಿಯಲ್ಲಿ ಕಂಡರೆ, ಅಥವಾ ಮಡಕೆಯ ಬಾಯಿ, ಲೋಹದ ಪಾತ್ರೆಯ ಅಂಚು, ವಿಗ್ರಹದ ಯಾವುದೇ ಭಾಗ ಕಂಡರೆ, ಗುದ್ದಲಿಯನ್ನು ಕೆಳಗಿಡಿ. ಗುಂಡಿಗೆ ತೆಗೆದ ಮಣ್ಣನ್ನೇ ಸಡಿಲವಾಗಿ ಮುಚ್ಚಿ, ಅಲ್ಲಿ ನಂಬಿಕೆಯ ಒಬ್ಬರನ್ನು ಕಾವಲಿಗೆ ಕೂರಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ವಿಷಯ ಮುಟ್ಟಿಸಿ. ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇರುವುದು ನಮ್ಮ ಭಾಗದವರಿಗೆ ಅನುಕೂಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಮೈಸೂರು ಸಂಸ್ಥಾನದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳನ್ನು ಒಂದೊಂದಾಗಿ ಹೊರತೆಗೆದು ದಾಖಲಿಸಿದ್ದು ಇದೇ ಇಲಾಖೆಯವರು.

ಮಾಡಲೇಬಾರದ ಕೆಲಸವೆಂದರೆ ತೊಳೆದು ಬೆಳಗುವುದು. ನಮ್ಮ ಮನೆಗಳಲ್ಲಿ ತಾಮ್ರ ಕಂಡ ಕೂಡಲೇ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಹುಣಸೆಯ ಹುಳಿ ನಾಣ್ಯದ ಹಸಿರು ಪದರವನ್ನು ತಿನ್ನುವಾಗ ಅದರ ಜೊತೆಗೆ ಅಕ್ಷರಗಳನ್ನೂ ತಿನ್ನುತ್ತದೆ. ಟಿಪ್ಪುವಿನ ಕಾಲದ ತಾಮ್ರದ ಪೈಸೆಯ ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು ಇರುತ್ತದೆ. ಪಟ್ಟಣ ಎಂದಿದ್ದರೆ ಅದು ಶ್ರೀರಂಗಪಟ್ಟಣದ್ದು, ಬೇರೆ ಹೆಸರಿದ್ದರೆ ಅದು ದೂರದ ಟಂಕಸಾಲೆಯಿಂದ ಕೈ ಬದಲಾಯಿಸುತ್ತಾ ನಿಮ್ಮ ಹೊಲದವರೆಗೆ ಬಂದದ್ದು. ಆ ಸವೆದ ಬರಹ ಹೋದರೆ ಅಷ್ಟೂ ಸಂಗತಿ ಹೋದಂತೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸುಗಳ ಮೇಲಿನ ಕನ್ನಡ ಅಕ್ಷರಗಳ ಗತಿಯೂ ಇದೇ. ಮಣ್ಣನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಉಜ್ಜದೆ ನೆರಳಿನಲ್ಲಿ ಒಣಗಿಸಿ, ಒಣ ಕಾಗದದ ಲಕೋಟೆಯಲ್ಲಿಟ್ಟು ಮೇಲೆ ಗುಂಡಿಯ ಸಂಖ್ಯೆ ಬರೆಯಿರಿ. ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣ ಬೇಳೆಯಷ್ಟು ಚಿಕ್ಕ ಚಿನ್ನದ ನಾಣ್ಯ, ಅಂಥದ್ದು ಮಣ್ಣಿನ ಹೆಂಟೆಯೊಳಗೇ ಉಳಿದುಬಿಡಬಹುದಾದ್ದರಿಂದ ತೆಗೆದ ಮಣ್ಣನ್ನು ಮತ್ತೊಮ್ಮೆ ಯಂತ್ರದಿಂದ ನೋಡದೆ ಗುಂಡಿ ಮುಚ್ಚಬೇಡಿ.

ಉತ್ತರ: ನಾಗಮಂಗಲದ ಕೃಷಿಕ

ಸರ್, ಮಂಡಿಯ ಬಗ್ಗೆ ಕೇಳಿದ್ದಿರಿ. ಪಿನ್‌ಪಾಯಿಂಟರ್ ಎಂಬ ಕೈಯಳತೆಯ ಸಣ್ಣ ಶೋಧಕವನ್ನು ಮೊದಲ ದಿನವೇ ಕೊಳ್ಳಿ. ಗುಂಡಿಯೊಳಗೆ ವಸ್ತು ಯಾವ ಪಕ್ಕದಲ್ಲಿದೆಯೆಂದು ಅದು ತೋರಿಸುವುದರಿಂದ ಮಂಡಿಯೂರಿ ಕೂರುವ ಹೊತ್ತು ಅರ್ಧಕ್ಕರ್ಧ ತಗ್ಗುತ್ತದೆ. ಉದ್ದ ಹಿಡಿಯ ಸಣ್ಣ ಗುದ್ದಲಿ ಇದ್ದರೆ ನಿಂತೇ ಮಣ್ಣು ಸಡಿಲಿಸಬಹುದು, ಏಳುವಾಗ ಅದೇ ಊರುಗೋಲೂ ಆಗುತ್ತದೆ. ಮಂಡಿಯ ಕೆಳಗೆ ಹಾಕಿಕೊಳ್ಳಲು ದಪ್ಪ ಸ್ಪಂಜಿನ ತುಂಡು ಸಾಕು.

ಭುಜಕ್ಕೆ ಹೆಚ್ಚು ಗಮನ ಬೇಕು. ಯಂತ್ರ ಒಂದೂಕಾಲು, ಒಂದೂವರೆ ಕಿಲೋ ಇದ್ದರೂ ಗಂಟೆಗಟ್ಟಲೆ ಬೀಸಿದರೆ ಮೊಣಕೈ ಹಿಡಿದುಕೊಳ್ಳುತ್ತದೆ. ಕಾಯಿಲ್ ನಿಮ್ಮ ಹೆಜ್ಜೆಯ ಮುಂದೆ ಆರಾಮವಾಗಿ ಬೀಳುವಷ್ಟೇ ಕೋಲಿನ ಉದ್ದವನ್ನು ಇಟ್ಟುಕೊಳ್ಳಿ, ಮಣಿಕಟ್ಟಿನಿಂದ ಬೀಸದೆ ಸೊಂಟವನ್ನು ತುಸು ತಿರುಗಿಸುತ್ತಾ ನಿಧಾನವಾಗಿ ಬೀಸಿ, ಆಗಾಗ ಕೈ ಬದಲಿಸಿ. ಭುಜದ ಮೇಲಿಂದ ಭಾರ ಹೊರುವ ಪಟ್ಟಿಯೂ ಸಿಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಾಗಿದ್ದರೆ ವೈದ್ಯರನ್ನು ಕೇಳದೆ ಯಂತ್ರ ಮುಟ್ಟಬಾರದು. ಬಿಸಿಲೇರುವ ಮೊದಲೇ ಮನೆಗೆ ಮರಳಿ, ಕಾಲಿಗೆ ಗಟ್ಟಿ ಬೂಟು ಇರಲಿ, ಬದುವಿನ ಪೊದೆಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡಿ, ಕುಯ್ಲಿನ ನಂತರ ಇಲಿಗಳ ಹಿಂದೆ ಹಾವುಗಳೂ ಬದುವಿಗೆ ಬಂದಿರುತ್ತವೆ.

ಊರಿನವರಿಗೆ ನಿಮ್ಮ ಕೆಲಸದ ಪರಿಚಯವಾದ ಮೇಲೆ ಕರೆಗಳು ಬರತೊಡಗುತ್ತವೆ. ನಾಟಿಯ ಹೊತ್ತಿನಲ್ಲಿ ಗದ್ದೆಯಲ್ಲಿ ಕಳಚಿಬಿದ್ದ ಓಲೆ, ಮೇವಿನ ಕಟ್ಟಿನಲ್ಲಿ ಸೇರಿಹೋದ ಉಂಗುರ, ಟ್ರ್ಯಾಕ್ಟರಿನಿಂದ ಬಿದ್ದ ಪಿನ್ನು, ಇಂಥವನ್ನು ಹುಡುಕಿಕೊಡಿ ಎಂದು ಜನ ಕೇಳಿಕೊಂಡು ಬರುತ್ತಾರೆ. ನನ್ನ ಹುಡುಕಾಟದಲ್ಲಿ ಹೆಚ್ಚಿನ ಪಾಲು ಈಗ ಇದೇ ಆಗಿದೆ, ನನಗೆ ಅತ್ಯಂತ ಪ್ರಿಯವಾದ ಕೆಲಸವೂ ಇದೇ. ವಸ್ತು ಕಳೆದ ಜಾಗವನ್ನು ಕಳೆದುಕೊಂಡವರಿಂದಲೇ ಕೇಳಿ ತಿಳಿದು, ಅಲ್ಲಿ ಹಗ್ಗ ಕಟ್ಟಿ ಪಟ್ಟೆಗಳಾಗಿ ವಿಂಗಡಿಸಿ, ಒಂದು ಪಟ್ಟೆ ಮುಗಿಯದೆ ಇನ್ನೊಂದಕ್ಕೆ ಹೋಗದಂತೆ ನೋಡಿ. ಗದ್ದೆಯಲ್ಲಿ ನೀರು ನಿಂತಿದ್ದರೆ ಬಸಿದುಹೋಗುವವರೆಗೆ ಯಾರೂ ತುಳಿಯಬಾರದೆಂದು ಮೊದಲೇ ಹೇಳಿ ಕಳುಹಿಸಿ, ತುಳಿದಷ್ಟೂ ಓಲೆ ಕೆಸರಿನಲ್ಲಿ ಕೆಳಗಿಳಿಯುತ್ತದೆ. ಮುಂದಿನ ತಿಂಗಳು ಪಾಂಡವಪುರದ ಕಡೆ ಬರುವ ಕೆಲಸವಿದೆ. ತಾವು ಯಂತ್ರ ಕೊಳ್ಳುವ ಮೊದಲು ನನ್ನದನ್ನೇ ನಿಮ್ಮ ಹೊಲದಲ್ಲಿ ಒಂದು ಬೆಳಗ್ಗೆ ಹಿಡಿದು ನೋಡಬಹುದು, ತಮ್ಮನವರಿಗೂ ತಿಳಿಸಿರಿ.